ಉಳಿದ ಹಸಿರು

ಯಾವ ಬಣ್ಣ ಅಂತ ಕೇಳಿದೆ.
ನಗರಸಭೆಯ ಇಂಜಿನಿಯರು ಫೋನಿನಿಂದ ತಲೆ ಎತ್ತದೆ
ಹಸಿರು ಅಂದರು.
ಯಾವ ಹಸಿರು?
ಹಸಿರು ಅಂದರೆ ಹಸಿರು ಮಾರಾಯ,
ಮಕ್ಕಳಿಗೆ ರಜೆ ಬಂತು, ಸೋಮವಾರಕ್ಕೆ ಮುಗಿಸು.

ಇಪ್ಪತ್ತಾರು ವರ್ಷ ಬೈತಕೋಲದಲ್ಲಿ ದೋಣಿಗೆ ಬಣ್ಣ ಬಳಿದ ಕೈ ಇದು.
ದೋಣಿಯ ಬಣ್ಣ ದೋಣಿಯವನು ಹೇಳುತ್ತಾನೆ,
ಅವನು ಹೇಳಿದ್ದನ್ನು ಅವನ ಹೆಂಡತಿ ತಿದ್ದುತ್ತಾಳೆ,
ಒಮ್ಮೊಮ್ಮೆ ದೇವರ ಪ್ರಸಾದವೂ ಆಗಬೇಕು.
ಈ ಪ್ರಾಣಿಯ ಕಡೆಯವರು ಅಂತ
ಕೇಳಲಿಕ್ಕೆ ಒಬ್ಬರೂ ಉಳಿದಿಲ್ಲ.

ಉದ್ಯಾನದ ತುದಿಗೆ, ಕಡಲಿಗೆ ಮುಖ ಮಾಡಿ ನಿಂತಿದೆ.
ಫೈಬರ್ ಮೈ. ತಟ್ಟಿದರೆ ಖಾಲಿ ಡ್ರಮ್ಮಿನ ಸದ್ದು.
ಹೊಟ್ಟೆಯ ಬಿರುಕಿನಲ್ಲಿ ಮೈನಾ ಸಂಸಾರ.
ಉಪ್ಪುಗಾಳಿ ಮೊದಲು ಬಾಲದ ತುದಿ ತಿಂದಿತು,
ಆಮೇಲೆ ಕೆಳಗಿನ ಹಲ್ಲುಸಾಲು.
ಕಣ್ಣು ಮಾತ್ರ ಹೊಸದು, ಈ ವರ್ಷದ ಎಲ್‌ಇಡಿ,
ಮರಳಿನ ಮೇಲೆ ರಾತ್ರಿಯಿಡೀ ಹಾಲು ಚೆಲ್ಲಿದ ಹಾಗೆ.

ಬೆಳಿಗ್ಗೆ ವಾಕಿಂಗಿಗೆ ಬಂದ ಕಾಲೇಜಿನ ಸುಲಕ್ಷಾ ಟೀಚರನ್ನು ಕೇಳಿದೆ:
ನಮ್ಮ ಊರಲ್ಲಿ ಇತ್ತೇ ಇದು?
ಇದ್ದಿರಬಹುದು, ಅಂದರು. ಮೂಳೆ ಸಿಗುವುದಿಲ್ಲ.
ಇಲ್ಲಿಯ ಕಲ್ಲು ಇದಕ್ಕಿಂತ ತೀರ ಮುದುಕ,
ಮೂಳೆ ಇಟ್ಟುಕೊಳ್ಳುವ ಮಣ್ಣು ಬೇರೆ.
ಆಮೇಲೆ ಕೂರ್ಮಗಡದ ಕಡೆ ಕೈ ತೋರಿಸಿ,
ಅದರಾಚೆ ಆಗ ನೀರೇ ಇರಲಿಲ್ಲ ಗೊತ್ತೇ,
ಮಡಗಾಸ್ಕರ್ ನಮ್ಮ ಪಕ್ಕೆಗೆ ಅಂಟಿಕೊಂಡಿತ್ತು, ಅಂದರು.
ಕಡಲಾಮೆಯ ಕುಲ ಈ ಕಡಲಿಗಿಂತ ಹಳೇದು.

ಇಡೀ ದಿನ ಅದೇ ತಲೆಯಲ್ಲಿ.
ಕಡಲೇ ಇಲ್ಲದಾಗ ಆಮೆ ಯಾವ ದಿಕ್ಕಿಗೆ ತೆವಳುತ್ತಿತ್ತು?

ಬಿಸಿಲಿಗೆ ಬಣ್ಣ ಗುಳ್ಳೆ ಏಳುತ್ತದೆ, ಅದಕ್ಕೇ ರಾತ್ರಿ ಕೆಲಸ.
ಕಾವಲಿನ ಪುರ್ಸು ಹರಿಕಂತ್ರ ಚಹಾ ಕಾಸುತ್ತಿದ್ದವನು
ತಟ್ಟನೆ ಎದ್ದ. ಅಲ್ಲಾಡಬೇಡ, ಅಂದ.
ಕೆಳಗೆ, ನನ್ನ ಏಣಿಯ ಕಾಲಿನ ಸುತ್ತ
ಮರಳು ಕುದಿಯುತ್ತಿತ್ತು.
ಹುಣಸೆಬೀಜದ ಬಣ್ಣದ ಮರಿಗಳು,
ಬೆಂಕಿಪೆಟ್ಟಿಗೆಯಷ್ಟೂ ಇಲ್ಲ,
ಅಲೆಗೆ ಬೆನ್ನು ಹಾಕಿ
ಆ ಎರಡು ಕಣ್ಣಿನ ಕಡೆಗೆ, ಅಜ್ಜ ಕರೆದ ಹಾಗೆ, ಹೊರಟಿದ್ದವು.
ಆಚೆ ರಸ್ತೆ. ರಸ್ತೆಯಲ್ಲಿ ಗೋವಾ ಲಾರಿ.

ಸ್ವಿಚ್ಚಿನ ಪೆಟ್ಟಿಗೆಗೆ ಬೀಗ,
ಬೀಗದ ಕೈ ಇಂಜಿನಿಯರ ಮನೆಯಲ್ಲಿ, ಇಂಜಿನಿಯರು ಕುಮಟೆಯಲ್ಲಿ.
ಪುರ್ಸು ಬೈಗುಳವೊಂದನ್ನು ಕೊಂಕಣಿಯಲ್ಲಿ ಶುರುಮಾಡಿದ.
ನಾನು ಏಣಿ ಹತ್ತಿದೆ.
ಬಲಗಣ್ಣಿಗೆ ಹಸಿರು, ಎಡಗಣ್ಣಿಗೆ ಹಸಿರು.
ಒಂದು ಕೋಟಿಗೆ ಪಾಚಿಗಟ್ಟಿದ ಬಾವಿಯಂತೆ ಮಿನುಗಿತು,
ಎರಡನೆಯದಕ್ಕೆ ರೆಪ್ಪೆ ಮುಚ್ಚಿತು.

ಕತ್ತಲು.
ಆಮೇಲೆ ನಿಧಾನಕ್ಕೆ ನೀರು ತನ್ನ ಬೆಳಕು ತೋರಿಸಿತು.
ಮರಿಗಳು ನಿಂತವು. ಒಂದು ತಿರುಗಿತು.
ಪುರ್ಸು ಉಸಿರು ಬಿಟ್ಟದ್ದು ನನಗೆ ಏಣಿಯ ಮೇಲೆ ಕೇಳಿಸಿತು.

ಒಂದು ಮಾತ್ರ ಫೈಬರ್ ಪಾದದ ಬೆರಳುಗಳ ನಡುವೆ ಸಿಕ್ಕಿಬಿದ್ದಿತ್ತು.
ಎತ್ತಿ, ಹಸಿ ಮರಳಿಗೆ ಬಿಟ್ಟೆ.
ನನ್ನ ಹೆಬ್ಬೆರಳು ಅದರ ಬೆನ್ನ ಮೇಲೆ ಉಳಿಯಿತು, ಹಸಿರಾಗಿ.
ಬಲೆಗೆ ಬಿದ್ದ ಆಮೆಯ ಹಣೆಗೆ
ಅಪ್ಪ ಕುಂಕುಮ ಇಟ್ಟು ಬಿಡುತ್ತಿದ್ದ. ನನ್ನ ಹತ್ತಿರ ಇದ್ದದ್ದು ಇದು.
ಒರೆಸೋಣ ಅನ್ನುವಷ್ಟರಲ್ಲಿ ಅಲೆ ಬಂತು.

ಸೋಮವಾರ ಇಂಜಿನಿಯರು ಕತ್ತು ಎತ್ತಿ ನೋಡಿದರು.
ಕಣ್ಣೆಲ್ಲಿ?
ಹಸಿರು ಅಂದರೆ ಹಸಿರು ಅಂದಿದ್ದಿರಲ್ಲ, ಅಂದೆ.
ಬಿಲ್ಲಿನಲ್ಲಿ ಒಂಬತ್ತು ಲೀಟರು ಬರೆದೆ.
ಬೆರಳಿನಷ್ಟು ಎಲ್ಲಿ ಹೋಯಿತು ಅಂತ
ಅವರು ಕೇಳಲಿಲ್ಲ.